ಕರೆಂಟ್ ಹೋದರೂ ಸರ್ವೋ ಲೆಕ್ಕ ತಪ್ಪದಿರಲು

ಪೀಣ್ಯ, ಬೊಮ್ಮಸಂದ್ರ, ಹುಬ್ಬಳ್ಳಿಯ ಗೋಕುಲ ರಸ್ತೆ, ಬೆಳಗಾವಿಯ ಉದ್ಯಮಬಾಗ್‌ಗಳ ಸಣ್ಣ ವರ್ಕ್‌ಶಾಪುಗಳಲ್ಲೂ ಇಂದು ಸರ್ವೋ ಮೋಟಾರ್ ಸಾಮಾನ್ಯ. ಸಿಎನ್‌ಸಿ ಲೇತ್, ವಿಎಂಸಿ, ಪ್ಯಾಕಿಂಗ್ ಮಷಿನ್, ರೋಬಾಟ್ ಎಲ್ಲದರ ಚಲನೆಗೂ ಅದೇ ಆಧಾರ. ಕರೆಂಟ್ ಹೋಗುವುದೂ ಇಲ್ಲಿ ಅಷ್ಟೇ ಸಾಮಾನ್ಯ. ಮತ್ತೆ ಕರೆಂಟ್ ಬಂದಾಗ ಕೆಲವು ಮಷಿನ್‌ಗಳು ನಿಂತ ಜಾಗದಿಂದಲೇ ಕೆಲಸಕ್ಕೆ ಸಿದ್ಧ. ಕೆಲವು ಮೊದಲು ಹೋಮ್‌ಗೆ ಹೋಗಿ ಬರಬೇಕು ಎನ್ನುತ್ತವೆ. ಇನ್ನು ಕೆಲವು ಅಲಾರಂ ತೋರಿಸಿ ನಿಂತುಬಿಡುತ್ತವೆ. ಸರ್ವಿಸ್ ಎಂಜಿನಿಯರ್ ಬರುವ ತನಕ ಶಿಫ್ಟ್ ಖಾಲಿ, ಡೆಲಿವರಿ ತಡ.

ಈ ವ್ಯತ್ಯಾಸಕ್ಕೆ ಕಾರಣ ಒಂದೇ: ಮೋಟಾರಿನ ಸ್ಥಾನದ ಲೆಕ್ಕ ಎಲ್ಲಿ ಉಳಿದಿದೆ ಎಂಬುದು. ಅದನ್ನು ತಿಳಿದು, ಎರಡು ಅಂಕಿಗಳನ್ನು ಮೊದಲೇ ಬರೆದಿಟ್ಟುಕೊಂಡರೆ ಹೋದ ಲೆಕ್ಕವನ್ನು ಸಾಮಾನ್ಯವಾಗಿ ವರ್ಕ್‌ಶಾಪಿನವರೇ ಮರಳಿ ಪಡೆಯಬಹುದು. ಈ ಲೇಖನ ಅದಕ್ಕಾಗಿ.

ಲೆಕ್ಕದಲ್ಲಿ ಎರಡು ಅಂಕಿ

ಸರ್ವೋ ಮೋಟಾರಿನ ಹಿಂಬದಿಯಲ್ಲಿ ಎನ್‌ಕೋಡರ್ ಇರುತ್ತದೆ. ಶಾಫ್ಟ್ ಎಷ್ಟು ತಿರುಗಿತೆಂದು ಅದು ಡ್ರೈವ್‌ಗೆ ತಿಳಿಸುತ್ತದೆ. ಒಂದು ಸುತ್ತನ್ನು ಅದು ಎಷ್ಟು ಭಾಗ ಮಾಡಿ ಎಣಿಸುತ್ತದೆ ಎಂಬುದನ್ನು ಬಿಟ್ ಲೆಕ್ಕದಲ್ಲಿ ಹೇಳುತ್ತಾರೆ. 17 ಬಿಟ್ ಎಂದರೆ ಸುತ್ತಿಗೆ 1,31,072 ಎಣಿಕೆ, 20 ಬಿಟ್ ಎಂದರೆ 10,48,576. 10 ಮಿ.ಮೀ. ಪಿಚ್ ಇರುವ ಬಾಲ್ ಸ್ಕ್ರೂಗೆ 20 ಬಿಟ್ ಎನ್‌ಕೋಡರಿನ ಮೋಟಾರನ್ನು ನೇರವಾಗಿ ಜೋಡಿಸಿದರೆ ಒಂದು ಎಣಿಕೆ ಮಿಲಿಮೀಟರಿನ ಒಂದು ಲಕ್ಷದ ಒಂದು ಭಾಗದಷ್ಟಾಗುತ್ತದೆ.

ಆದರೆ ಸ್ಲೈಡ್ ಒಂದೇ ಸುತ್ತಿನಲ್ಲಿ ನಿಲ್ಲುವುದಿಲ್ಲ. ಒಂದು ಮೀಟರ್ ಸಾಗಲು ಅದೇ ಸ್ಕ್ರೂ 100 ಸುತ್ತು ತಿರುಗಬೇಕು. ಹಾಗಾಗಿ ಸ್ಥಾನ ಹೇಳಲು ಎರಡು ಅಂಕಿ ಬೇಕು: ಎಷ್ಟನೆಯ ಸುತ್ತು, ಆ ಸುತ್ತಿನೊಳಗೆ ಎಷ್ಟು ಕೋನ. ಗಡಿಯಾರದ ಗಂಟೆ ಮುಳ್ಳು ಮತ್ತು ನಿಮಿಷದ ಮುಳ್ಳು ಇದ್ದಂತೆ. ಗಂಟೆ ಮುಳ್ಳು ಕಳಚಿ ಬಿದ್ದರೆ ನಿಮಿಷ ಗೊತ್ತಾಗುತ್ತದೆ, ಗಂಟೆ ಎಷ್ಟೆಂದು ಮಾತ್ರ ಗೊತ್ತಾಗುವುದಿಲ್ಲ. ಬ್ಯಾಟರಿ ಇರುವ ಅಬ್ಸಲ್ಯೂಟ್ ಎನ್‌ಕೋಡರಿನಲ್ಲಿ ಬ್ಯಾಟರಿ ಮುಗಿದಾಗ ಆಗುವುದೂ ಇಷ್ಟೇ. ಸುತ್ತಿನ ಲೆಕ್ಕ ಅಳಿಯುತ್ತದೆ, ಸುತ್ತಿನೊಳಗಿನ ಕೋನ ಉಳಿದಿರುತ್ತದೆ. ಈ ಒಂದು ಸಂಗತಿ ನೆನಪಿದ್ದರೆ ಮುಂದೆ ಹೇಳುವ ದುರಸ್ತಿ ಕ್ರಮ ತಾನಾಗಿ ಅರ್ಥವಾಗುತ್ತದೆ.

ಎನ್‌ಕೋಡರಿನ ಮೂರು ಬಗೆ

*ಇಂಕ್ರಿಮೆಂಟಲ್:* ಎ, ಬಿ ಎಂಬ ಎರಡು ಪಲ್ಸ್ ಸಾಲು ಮತ್ತು ಸುತ್ತಿಗೊಮ್ಮೆ ಬರುವ ಝಡ್ ಪಲ್ಸ್ ಇದರ ಬಂಡವಾಳ. 2500 ಪಲ್ಸ್‌ನ ಎನ್‌ಕೋಡರಿನ ಎರಡೂ ಸಾಲಿನ ಏರಿಳಿತಗಳನ್ನು ಎಣಿಸಿದರೆ ಸುತ್ತಿಗೆ 10,000 ಎಣಿಕೆ. ಎಣಿಸುವುದು ಎನ್‌ಕೋಡರ್ ಅಲ್ಲ, ಡ್ರೈವ್ ಅಥವಾ ಕಂಟ್ರೋಲರ್. ಕರೆಂಟ್ ಹೋದೊಡನೆ ಆ ಎಣಿಕೆ ಅಳಿಯುತ್ತದೆ. ಮತ್ತೆ ಹೋಮ್ ಸ್ವಿಚ್ ಹುಡುಕಿ, ಝಡ್ ಪಲ್ಸ್ ಹಿಡಿದು ಸೊನ್ನೆಯಿಂದ ಶುರು ಮಾಡಬೇಕು.

*ಬ್ಯಾಟರಿ ಇರುವ ಅಬ್ಸಲ್ಯೂಟ್:* ಸುತ್ತಿನೊಳಗಿನ ಪ್ರತಿ ಸ್ಥಾನಕ್ಕೂ ಡಿಸ್ಕಿನ ಮೇಲೆ ಬೇರೆಯದೇ ಗುರುತು ಇರುವುದರಿಂದ ಕೋನ ತಿಳಿಯಲು ಎಣಿಸಬೇಕಿಲ್ಲ, ಓದಿದರೆ ಸಾಕು. ಇಂಥ ಡಿಸ್ಕುಗಳಿಗೆ ದಾರಿ ಮಾಡಿದ್ದು ಗ್ರೇ ಕೋಡ್. ಬೆಲ್ ಲ್ಯಾಬ್ಸ್‌ನ ಫ್ರಾಂಕ್ ಗ್ರೇ ಅವರಿಗೆ ಇದರ ಪೇಟೆಂಟ್ ಸಿಕ್ಕಿದ್ದು 1953ರಲ್ಲಿ. ಪಕ್ಕಪಕ್ಕದ ಎರಡು ಅಂಕಿಗಳ ನಡುವೆ ಒಂದೇ ಬಿಟ್ ಬದಲಾಗುವುದು ಇದರ ಗುಣ. ಗಡಿಯಲ್ಲಿ ಓದಿದರೂ ಒಂದು ಹೆಜ್ಜೆಗಿಂತ ಹೆಚ್ಚು ತಪ್ಪುವುದಿಲ್ಲ. ಸುತ್ತುಗಳನ್ನು ಎಣಿಸಲು ಮಾತ್ರ ಎನ್‌ಕೋಡರಿನೊಳಗೆ ಸದಾ ಎಚ್ಚರವಿರುವ ಸಣ್ಣ ಸರ್ಕ್ಯೂಟ್ ಬೇಕು. ಕರೆಂಟ್ ಇಲ್ಲದಾಗ ಅದನ್ನು ಬ್ಯಾಟರಿ ನಡೆಸುತ್ತದೆ. ನಮ್ಮ ವರ್ಕ್‌ಶಾಪುಗಳಲ್ಲಿರುವ ಫ್ಯಾನುಕ್, ಯಾಸ್ಕಾವಾ, ಮಿತ್ಸುಬಿಷಿ, ಪ್ಯಾನಾಸೋನಿಕ್, ಡೆಲ್ಟಾ ಮೋಟಾರುಗಳಲ್ಲಿ ಹೆಚ್ಚಾಗಿ ಕಾಣುವ ಅಬ್ಸಲ್ಯೂಟ್ ಬಗೆ ಇದು.

*ಬ್ಯಾಟರಿ ಬೇಡದ ಅಬ್ಸಲ್ಯೂಟ್:* ಸುತ್ತಿನ ಲೆಕ್ಕವನ್ನು ಬ್ಯಾಟರಿ ಇಲ್ಲದೆ ಉಳಿಸಲು ಮುಖ್ಯವಾಗಿ ಎರಡು ದಾರಿಗಳಿವೆ. ಒಂದು, ಎನ್‌ಕೋಡರಿನೊಳಗೆ ಸಣ್ಣ ಗೇರುಗಳು. 16ಕ್ಕೆ 1ರಂತೆ ಮೂರು ಹಂತವಿದ್ದರೆ 4096 ಸುತ್ತಿನ ತನಕ ಗೇರುಗಳ ಸ್ಥಾನವೇ ಲೆಕ್ಕ ಹೇಳುತ್ತದೆ. ಹೈಡೆನ್‌ಹೈನ್ ಕಂಪನಿಯ ಮಲ್ಟಿಟರ್ನ್ ಎನ್‌ಕೋಡರುಗಳಲ್ಲಿ ಈ 4096 ಸಾಮಾನ್ಯ ಅಂಕಿ. ಇನ್ನೊಂದು, ವೀಗಂಡ್ ತಂತಿ. ಜಾನ್ ವೀಗಂಡ್ 1970ರ ದಶಕದಲ್ಲಿ ಬೆಳಕಿಗೆ ತಂದ ಈ ವಿಶೇಷ ತಂತಿಯ ಬಳಿ ಅಯಸ್ಕಾಂತ ಸುಳಿದಾಗ, ಅದು ಎಷ್ಟೇ ನಿಧಾನವಾಗಿ ಸುಳಿದರೂ, ಸುತ್ತಲಿನ ಕಾಯಿಲಿನಲ್ಲಿ ಚುರುಕಾದ ಒಂದು ವಿದ್ಯುತ್ ಪಲ್ಸ್ ಹುಟ್ಟುತ್ತದೆ. ಒಂದು ಸುತ್ತನ್ನು ಎಣಿಸಿ ಮೆಮೊರಿಗೆ ಬರೆಯಲು ಅಷ್ಟು ಶಕ್ತಿ ಸಾಕು. ಮಿತ್ಸುಬಿಷಿಯ ಎಂಆರ್-ಜೆ5 ಸಾಲಿನ ಜೊತೆ ಬರುವ ಎಚ್‌ಕೆ ಮೋಟಾರುಗಳಲ್ಲಿ 26 ಬಿಟ್‌ನ ಬ್ಯಾಟರಿರಹಿತ ಎನ್‌ಕೋಡರ್ ಬಂದಿದೆ.

ನಿಮ್ಮಲ್ಲಿರುವುದು ಯಾವುದು?

ಮೋಟಾರಿನ ಪ್ಲೇಟ್ ಓದಿ ತೀರ್ಮಾನಿಸಿದರೆ ಸಾಲದು. ಎನ್‌ಕೋಡರ್ ಅಬ್ಸಲ್ಯೂಟ್ ಆಗಿದ್ದರೂ ಮಷಿನ್ ಕಟ್ಟಿದವರು ಅದನ್ನು ಇಂಕ್ರಿಮೆಂಟಲ್‌ನಂತೆ ಬಳಸುವ ಹಾಗೆ ಪ್ಯಾರಾಮೀಟರ್ ಇಟ್ಟಿರಬಹುದು. ಮಿತ್ಸುಬಿಷಿ ಎಂಆರ್-ಜೆ4 ಡ್ರೈವ್‌ನಲ್ಲಿ ಇದನ್ನು ಆರಿಸುವ ಪ್ಯಾರಾಮೀಟರ್ ಪಿಎ03.

ಖಚಿತವಾಗಿ ತಿಳಿಯಲು ಸುಲಭದ ಪರೀಕ್ಷೆಯೊಂದಿದೆ. ಇದನ್ನು ಅಡ್ಡವಾಗಿ ಚಲಿಸುವ, ಬ್ರೇಕ್ ಇಲ್ಲದ ಆಕ್ಸಿಸ್‌ನಲ್ಲಿ ಮಾತ್ರ ಮಾಡಿ. ಆಕ್ಸಿಸ್ ಎಲ್ಲಿದೆ ಎಂದು ಸ್ಕ್ರೀನಿನಲ್ಲಿ ನೋಡಿ ಬರೆದುಕೊಳ್ಳಿ. ಮೇನ್ ಸ್ವಿಚ್ ಆಫ್ ಮಾಡಿ, ಡ್ರೈವ್‌ನ ಚಾರ್ಜ್ ದೀಪ ಆರಿದ ಮೇಲೆ ಸ್ಕ್ರೂವನ್ನು ಕೈಯಿಂದ ಎರಡು ಮೂರು ಸುತ್ತು ತಿರುಗಿಸಿ. ಮತ್ತೆ ಆನ್ ಮಾಡಿ. ಸ್ಲೈಡ್ ಸರಿದಷ್ಟೂ ಸ್ಕ್ರೀನಿನ ಅಂಕಿ ಬದಲಾಗಿದ್ದರೆ ಅದು ನಿಜವಾದ ಅಬ್ಸಲ್ಯೂಟ್. ಹಳೆಯ ಅಂಕಿಯನ್ನೇ ತೋರಿಸಿದರೆ ಕಂಟ್ರೋಲರ್ ಕೊನೆಯ ಸ್ಥಾನವನ್ನು ಮೆಮೊರಿಯಲ್ಲಿ ಇಟ್ಟಿತ್ತು ಅಷ್ಟೆ. ಆ ಅಂಕಿಯನ್ನು ನಂಬಿ ಸೈಕಲ್ ಸ್ಟಾರ್ಟ್ ಒತ್ತುವುದು ಅಪಾಯ. ಸೊನ್ನೆ ತೋರಿಸಿದರೆ ಅಥವಾ ಹೋಮ್ ಕೇಳಿದರೆ ಅದು ಇಂಕ್ರಿಮೆಂಟಲ್ ವ್ಯವಸ್ಥೆ.

ಬ್ಯಾಟರಿಯ ಸ್ವಭಾವ

ಈ ಕೆಲಸಕ್ಕೆ ಹೆಚ್ಚಾಗಿ ಬಳಸುವುದು 3.6 ವೋಲ್ಟ್‌ನ ಲಿಥಿಯಂ ಥಯೋನಿಲ್ ಕ್ಲೋರೈಡ್ ಬ್ಯಾಟರಿ. ಯಾಸ್ಕಾವಾ, ಪ್ಯಾನಾಸೋನಿಕ್, ಡೆಲ್ಟಾಗಳಲ್ಲಿ ಇದೇ ವೋಲ್ಟೇಜ್. ಫ್ಯಾನುಕ್‌ನಲ್ಲಿ 6 ವೋಲ್ಟ್: ಆಂಪ್ಲಿಫೈಯರಿನೊಳಗಿನ ಲಿಥಿಯಂ ಬ್ಯಾಟರಿ, ಇಲ್ಲವೇ ಪ್ಯಾನಲಿನಲ್ಲಿ ಪ್ರತ್ಯೇಕ ಡಬ್ಬಿಯಲ್ಲಿ ಕೂರಿಸಿದ ನಾಲ್ಕು ದಪ್ಪ ಡಿ ಗಾತ್ರದ ಆಲ್ಕಲೈನ್ ಸೆಲ್‌ಗಳು.

ಸಿಎನ್‌ಸಿ ಮಷಿನಿನಲ್ಲಿ ಎರಡು ಬೇರೆ ಬೇರೆ ಬ್ಯಾಟರಿಗಳಿರುತ್ತವೆ ಎಂಬುದನ್ನು ಗಮನಿಸಿ. ಒಂದು ಕಂಟ್ರೋಲಿನ ಪ್ಯಾರಾಮೀಟರ್, ಪ್ರೋಗ್ರಾಂ ಉಳಿಸುತ್ತದೆ. ಫ್ಯಾನುಕ್‌ನಲ್ಲಿ ಇದು 3 ವೋಲ್ಟ್. ಇನ್ನೊಂದು ಎನ್‌ಕೋಡರಿನ ಸುತ್ತು ಉಳಿಸುತ್ತದೆ. ಒಂದನ್ನು ಬದಲಿಸಿ ಇನ್ನೊಂದನ್ನು ಮರೆತರೆ ಕೆಲಸ ಅರ್ಧವೇ ಆದಂತೆ.

ಲಿಥಿಯಂ ಥಯೋನಿಲ್ ಬ್ಯಾಟರಿಯನ್ನು ಮಲ್ಟಿಮೀಟರಿನಲ್ಲಿ ನೋಡಿ ಚೆನ್ನಾಗಿದೆ ಎಂದು ತೀರ್ಮಾನಿಸಬೇಡಿ. ಆಯಸ್ಸಿನ ಬಹುಭಾಗ ಅದು 3.6 ವೋಲ್ಟಿನ ಆಸುಪಾಸಿನಲ್ಲೇ ಇದ್ದು, ಕೊನೆಯಲ್ಲಿ ಬೇಗ ಕುಸಿಯುತ್ತದೆ. ಹಾಗಾಗಿ ನಂಬಬೇಕಾದದ್ದು ವೋಲ್ಟೇಜನ್ನಲ್ಲ, ಬದಲಿಸಿದ ದಿನಾಂಕವನ್ನು. ಕೊಳ್ಳುವಾಗ ತಯಾರಿಕೆಯ ದಿನಾಂಕವನ್ನೂ ನೋಡಿ. ಅಂಗಡಿಯಲ್ಲಿ ವರ್ಷಗಟ್ಟಲೆ ಇದ್ದ ಸರಕು ಬೇಡ.

ಬ್ಯಾಟರಿಗೆ ಹೆಚ್ಚು ಕೆಲಸ ಬೀಳುವುದು ಮಷಿನ್ ಆಫ್ ಆಗಿರುವಾಗ. ಅರ್ಧ ಗಂಟೆಯ ಕರೆಂಟ್ ಕಟ್ ಒಳ್ಳೆಯ ಬ್ಯಾಟರಿಗೆ ಲೆಕ್ಕಕ್ಕಿಲ್ಲ. ದಸರಾ, ದೀಪಾವಳಿಯ ರಜೆ, ಆರ್ಡರ್ ಇಲ್ಲದೆ ನಿಂತ ತಿಂಗಳುಗಳು, 2020ರ ಲಾಕ್‌ಡೌನ್‌ನಂಥ ದೀರ್ಘ ಬಿಡುವು, ಇವೇ ಬಡಕಲಾದ ಬ್ಯಾಟರಿಯ ನಿಜವಾದ ಪರೀಕ್ಷೆ. ಆದ್ದರಿಂದ ಬದಲಿಸುವ ಕೆಲಸ ರಜೆಗೆ ಮೊದಲೇ ಆಗಬೇಕು.

ಫ್ಯಾನುಕ್‌ನ ಆಲ್ಕಲೈನ್ ಸೆಲ್‌ಗಳನ್ನು ವರ್ಷಕ್ಕೊಮ್ಮೆ ಬದಲಿಸಬೇಕು. ಆಯುಧಪೂಜೆಗೆ ಹೇಗೂ ಪ್ರತಿ ಮಷಿನನ್ನೂ ತೊಳೆದು, ಒರೆಸಿ, ಸಿಂಗರಿಸುತ್ತೇವೆ. ಪ್ಯಾನಲ್ ಬಾಗಿಲು ತೆರೆದು ಬ್ಯಾಟರಿ ನೋಡುವ ಕೆಲಸವನ್ನೂ ಆ ವಾರಕ್ಕೇ ಸೇರಿಸಿಕೊಂಡರೆ ವರ್ಷಕ್ಕೊಮ್ಮೆ ತಪ್ಪದೆ ನಡೆಯುತ್ತದೆ. ಲಿಥಿಯಂ ಬ್ಯಾಟರಿಗೆ ಮೋಟಾರ್ ಕಂಪನಿಯ ಕೈಪಿಡಿ ಹೇಳಿದ ಅವಧಿಯನ್ನು ಅನುಸರಿಸಿ. ಸದಾ ಬಿಸಿಯಾಗಿರುವ ಪ್ಯಾನಲ್ ಆದರೆ ಅದಕ್ಕಿಂತ ಮೊದಲೇ ಬದಲಿಸಿ.

ಬ್ಯಾಟರಿ ಬದಲಿಸುವ ಕ್ರಮ

ಇದು ಪ್ಯಾನಲ್ ಕೆಲಸ ಬಲ್ಲ ಎಲೆಕ್ಟ್ರಿಷಿಯನ್ ಮಾಡಬೇಕಾದದ್ದು. ಒಳಗೆ 415 ವೋಲ್ಟ್ ಇರುತ್ತದೆ. ಡ್ರೈವ್‌ನ ಕೆಪಾಸಿಟರುಗಳು ಆಫ್ ಮಾಡಿದ ಮೇಲೂ ಕೆಲ ನಿಮಿಷ ಅಪಾಯಕಾರಿ.

1. ಎಲ್ಲ ಆಕ್ಸಿಸ್‌ಗಳನ್ನೂ ಹೋಮ್ ಸ್ಥಾನಕ್ಕೆ ತನ್ನಿ. ಪ್ರತಿಯೊಂದರ ಸುತ್ತಿನ ಅಂಕಿ ಮತ್ತು ಸುತ್ತಿನೊಳಗಿನ ಅಂಕಿಯನ್ನು ಡ್ರೈವ್ ಮಾನಿಟರಿನಲ್ಲಿ ನೋಡಿ ಬರೆದುಕೊಳ್ಳಿ.
2. ಪ್ಯಾರಾಮೀಟರ್ ಬ್ಯಾಕಪ್ ತೆಗೆದಿಡಿ.
3. ಎಮರ್ಜೆನ್ಸಿ ಸ್ಟಾಪ್ ಒತ್ತಿ. ಕಂಟ್ರೋಲ್ ಪವರ್ ಮಾತ್ರ ಆನ್ ಇರಲಿ. ಅದು ಆನ್ ಇರುವಷ್ಟು ಹೊತ್ತು ಎನ್‌ಕೋಡರಿಗೆ ಡ್ರೈವ್‌ನಿಂದಲೇ ವಿದ್ಯುತ್ ಸಿಗುವುದರಿಂದ ಬ್ಯಾಟರಿ ತೆಗೆದರೂ ಲೆಕ್ಕ ಉಳಿಯುತ್ತದೆ. ಪವರ್ ಆಫ್ ಮಾಡಿ ಬ್ಯಾಟರಿ ಕಳಚುವುದೇ ಲೆಕ್ಕ ಕಳೆದುಕೊಳ್ಳುವ ಸಾಮಾನ್ಯ ದಾರಿ.
4. ಪ್ಲಸ್, ಮೈನಸ್ ನೋಡಿ ಹೊಸದನ್ನು ಹಾಕಿ. ಹಲವು ಡ್ರೈವ್‌ಗಳಿದ್ದರೆ ಒಂದು ಮುಗಿದ ಮೇಲೆ ಇನ್ನೊಂದು. ನಾಲ್ಕು ಸೆಲ್‌ಗಳ ಡಬ್ಬಿಯಾದರೆ ನಾಲ್ಕನ್ನೂ ಒಟ್ಟಿಗೆ ಬದಲಿಸಿ, ಹಳೆಯದರ ಜೊತೆ ಹೊಸದನ್ನು ಬೆರೆಸಬೇಡಿ.
5. ಪವರ್ ಆಫ್ ಮಾಡಿ ಮತ್ತೆ ಆನ್ ಮಾಡಿ. ಎಚ್ಚರಿಕೆ ಹೋಗಿದೆಯೇ, ಮೊದಲು ಬರೆದ ಅಂಕಿಗಳೇ ಕಾಣುತ್ತಿವೆಯೇ ನೋಡಿ.
6. ಬ್ಯಾಟರಿಯ ಮೇಲೂ ಪ್ಯಾನಲ್ ಬಾಗಿಲಿನ ಒಳಗೂ ದಿನಾಂಕ ಬರೆಯಿರಿ.

ಫ್ಯಾನುಕ್‌ನ ಆಲ್ಫಾ-ಐ, ಬೀಟಾ-ಐ ಮೋಟಾರುಗಳ ಎನ್‌ಕೋಡರಿನಲ್ಲಿ (ಪಲ್ಸ್‌ಕೋಡರ್) ಸಣ್ಣ ಕೆಪಾಸಿಟರ್ ಇದ್ದು, ಪವರ್ ಇಲ್ಲದೆಯೂ ಸುಮಾರು 10 ನಿಮಿಷ ಲೆಕ್ಕ ಹಿಡಿದಿಡುತ್ತದೆ. ಎಲ್ಲ ಮೋಟಾರುಗಳಲ್ಲೂ ಈ ಅನುಕೂಲ ಇಲ್ಲ.

ಮಷಿನ್ ಆಫ್ ಇದ್ದಾಗ ಎನ್‌ಕೋಡರ್ ಕೇಬಲನ್ನು ಕಳಚುವುದೂ ಬ್ಯಾಟರಿ ತೆಗೆದಷ್ಟೇ ಹಾನಿಕರ. ಬ್ಯಾಟರಿ ಡ್ರೈವ್ ಬದಿಯಲ್ಲಿದ್ದು, ಅಲ್ಲಿಂದ ಎನ್‌ಕೋಡರಿಗೆ ವಿದ್ಯುತ್ ಹೋಗುವುದು ಅದೇ ಕೇಬಲಿನಲ್ಲಿ. ಕೇಬಲ್ ಸರಿಪಡಿಸುವ ಮುನ್ನವೂ ಅಂಕಿ ಬರೆದುಕೊಳ್ಳುವುದು ಇದೇ ಕಾರಣಕ್ಕೆ. ಯಾಸ್ಕಾವಾ ಡ್ರೈವ್‌ಗಳಲ್ಲಿ ಬ್ಯಾಟರಿ ಕಂಟ್ರೋಲರ್ ಬದಿಯಲ್ಲಿ ಇಲ್ಲವೇ ಎನ್‌ಕೋಡರ್ ಕೇಬಲಿನಲ್ಲಿ ಇರಬೇಕು, ಎರಡೂ ಕಡೆ ಇರಬಾರದು. ಎರಡೂ ಸೇರಿದರೆ ಅವುಗಳ ನಡುವೆಯೇ ಕರೆಂಟ್ ಹರಿಯುತ್ತದೆ.

ಲಿಥಿಯಂ ಥಯೋನಿಲ್ ಬ್ಯಾಟರಿಯನ್ನು ಚಾರ್ಜ್ ಮಾಡಬೇಡಿ, ಅದಕ್ಕೆ ನೇರವಾಗಿ ಬೆಸುಗೆ ಹಾಕಬೇಡಿ, ಬೆಂಕಿಗೆ ಎಸೆಯಬೇಡಿ. ಹಳೆಯ ಬ್ಯಾಟರಿಯನ್ನು ಕಸದ ಬುಟ್ಟಿಗೆ ಹಾಕದೆ ಪ್ರತ್ಯೇಕವಾಗಿ ಸಂಗ್ರಹಿಸಿ ಅಧಿಕೃತ ಮರುಬಳಕೆದಾರರಿಗೆ ತಲುಪಿಸಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ಇದನ್ನೇ ಕೇಳುತ್ತವೆ.

ಅಲಾರಂ ಏನು ಹೇಳುತ್ತಿದೆ?

ಎರಡು ಬಗೆಯ ಸಂದೇಶಗಳನ್ನು ಬೇರೆ ಮಾಡಿ ನೋಡಬೇಕು. ಒಂದು, ಬ್ಯಾಟರಿ ಸೊರಗುತ್ತಿದೆ, ಲೆಕ್ಕ ಇನ್ನೂ ಇದೆ. ಇನ್ನೊಂದು, ಲೆಕ್ಕ ಹೋಗಿದೆ.

• ಫ್ಯಾನುಕ್: ಡಿಎಸ್0307, ಡಿಎಸ್0308 ಎಂದರೆ ಬ್ಯಾಟರಿ ಬದಲಿಸುವ ಮಟ್ಟಕ್ಕೆ ಇಳಿದಿದೆ. ಡಿಎಸ್0306 ಎಂದರೆ ಲೆಕ್ಕ ಉಳಿಸಲಾರದಷ್ಟು ಇಳಿದಿದೆ. ಡಿಎಸ್0300 ಎಂದರೆ ರೆಫರೆನ್ಸ್ ಮತ್ತೆ ಹೊಂದಿಸಬೇಕು.
• ಯಾಸ್ಕಾವಾ: ಎ.930 ಎಚ್ಚರಿಕೆ ಅಥವಾ ಎ.830 ಅಲಾರಂ ಬ್ಯಾಟರಿಯದು. ಎ.810 ಎಂದರೆ ಸುತ್ತಿನ ಲೆಕ್ಕ ಹೋಗಿದೆ.
• ಮಿತ್ಸುಬಿಷಿ: ಎಎಲ್.9ಎಫ್ ಬ್ಯಾಟರಿ ಎಚ್ಚರಿಕೆ. ಎಎಲ್.92 ಬಂದರೆ ಬ್ಯಾಟರಿ ಕೇಬಲನ್ನೂ ನೋಡಿ. ಎಎಲ್.25 ಎಂದರೆ ಅಬ್ಸಲ್ಯೂಟ್ ಸ್ಥಾನ ಅಳಿದಿದೆ.
• ಡೆಲ್ಟಾ ಎ2: ಎಎಲ್061 ಬ್ಯಾಟರಿ ವೋಲ್ಟೇಜ್ ಕಡಿಮೆ. ಎಎಲ್060 ಸ್ಥಾನ ಕಳೆದುಹೋಗಿದೆ.
• ಪ್ಯಾನಾಸೋನಿಕ್ ಎ6: ಎರರ್ 40 ಬಂದರೆ ಬ್ಯಾಟರಿ ನಿಂತು ಅಬ್ಸಲ್ಯೂಟ್ ಲೆಕ್ಕ ಹೋಗಿದೆ.

ಮೊದಲ ಬಗೆಯ ಎಚ್ಚರಿಕೆ ಬಂದ ಮಷಿನನ್ನು ಬ್ಯಾಟರಿ ಬದಲಿಸುವ ತನಕ ಆಫ್ ಮಾಡಬೇಡಿ. ಶಿಫ್ಟ್ ಮುಗಿಯಿತೆಂದು ಮೇನ್ ಇಳಿಸಿದರೆ ಬೆಳಿಗ್ಗೆ ಎರಡನೆಯ ಬಗೆಯ ಅಲಾರಂ ಎದುರಾಗಬಹುದು. ರಾತ್ರಿ ಪಾಳಿಯ ಆಪರೇಟರ್‌ಗಳಿಗೂ ಇದನ್ನು ತಿಳಿಸಿ, ಸೂಚನೆ ಬರೆದು ಮಷಿನ್ ಮೇಲೆ ಅಂಟಿಸಿ.

ಹೋದ ಲೆಕ್ಕವನ್ನು ಮರಳಿ ಪಡೆಯುವುದು

ಲೆಕ್ಕ ಹೋದ ಮಷಿನ್‌ನಲ್ಲಿ ಸಾಫ್ಟ್ ಲಿಮಿಟ್ ಕೂಡ ನಂಬಲರ್ಹವಲ್ಲ. ಅದೂ ಅದೇ ಸೊನ್ನೆಯಿಂದ ಅಳೆಯುತ್ತದೆ. ಕಾಪಾಡುವುದು ತಂತಿ ಹಾಕಿದ ಲಿಮಿಟ್ ಸ್ವಿಚ್ ಮಾತ್ರ. ಆದ್ದರಿಂದ ಜಾಗ್ ವೇಗವನ್ನು ಕನಿಷ್ಠಕ್ಕೆ ಇಳಿಸಿ, ಒಂದು ಕೈ ಎಮರ್ಜೆನ್ಸಿ ಸ್ಟಾಪ್ ಹತ್ತಿರ ಇಟ್ಟುಕೊಂಡು ಶುರು ಮಾಡಿ.

ಹೆಚ್ಚಿನವರು ಮಾಡುವುದು ಇಷ್ಟು: ಸ್ಲೈಡನ್ನು ಬೆಡ್ಡಿನ ಮೇಲೆ ಹೋಮ್‌ಗೆಂದು ಗುರುತಿಸಿದ ಗೆರೆಗೆ ಕಣ್ಣಳತೆಯಲ್ಲಿ ಹೊಂದಿಸಿ ಅಲ್ಲಿಯೇ ಸೊನ್ನೆ ಹಾಕುವುದು. ಕಣ್ಣಳತೆಯಲ್ಲಿ ಮಿಲಿಮೀಟರಿನ ಕೆಲವು ಹತ್ತಂಶ ತಪ್ಪಿದರೂ ಎಲ್ಲ ಆಫ್‌ಸೆಟ್‌ಗಳನ್ನು ಮತ್ತೆ ಹಿಡಿಯಬೇಕಾಗುತ್ತದೆ. ಇದಕ್ಕಿಂತ ಒಳ್ಳೆಯ ದಾರಿ ಇದೆ.

ಬ್ಯಾಟರಿ ಹೋದಾಗ ಸುತ್ತಿನ ಲೆಕ್ಕ ಮಾತ್ರ ಹೋಗುತ್ತದೆ ಎಂದೆವಲ್ಲ. 10 ಮಿ.ಮೀ. ಪಿಚ್ ಸ್ಕ್ರೂ ಆದರೆ ತಪ್ಪು 10, 20, 30 ಮಿ.ಮೀ. ಹೀಗೆ ಪೂರ್ಣ ಸುತ್ತುಗಳ ಲೆಕ್ಕದಲ್ಲೇ ಇರುತ್ತದೆ. ಆದ್ದರಿಂದ ಗೆರೆಯ ಕೆಲಸ ಸರಿಯಾದ ಸುತ್ತನ್ನು ತೋರಿಸುವುದು ಮಾತ್ರ. ಅದಕ್ಕೆ 5 ಮಿ.ಮೀ.ಗಿಂತ ಕಡಿಮೆ ತಪ್ಪಿದ್ದರೆ ಸಾಕು. ಸೂಕ್ಷ್ಮ ಸ್ಥಾನವನ್ನು ಸುತ್ತಿನೊಳಗಿನ ಅಂಕಿಯೇ ಹೇಳುತ್ತದೆ. ಕ್ರಮ ಹೀಗೆ:

1. ಹೊಸ ಬ್ಯಾಟರಿ ಹಾಕಿ. ಯಾಸ್ಕಾವಾದಲ್ಲಿ ಎಫ್‌ಎನ್008ರಂತೆ ಆಯಾ ಡ್ರೈವ್‌ನ ಕೈಪಿಡಿ ಹೇಳಿದ ರೀತಿ ಎನ್‌ಕೋಡರ್ ರೀಸೆಟ್ ಮಾಡಿ. ಇದು ಅಳಿಸುವುದು ಸುತ್ತಿನ ಲೆಕ್ಕವನ್ನು, ಕೋನವನ್ನಲ್ಲ.
2. ನಿಧಾನವಾಗಿ ಜಾಗ್ ಮಾಡಿ ಗೆರೆಗೆ ಗೆರೆ ಸೇರಿಸಿ. ಮೋಟಾರ್ ಕನಿಷ್ಠ ಒಂದು ಪೂರ್ಣ ಸುತ್ತು ತಿರುಗಿರಲಿ. ಕೆಲವು ಎನ್‌ಕೋಡರ್‌ಗಳು ಒಮ್ಮೆ ತಮ್ಮ ಗುರುತು ದಾಟುವ ತನಕ ಸೊನ್ನೆ ಒಪ್ಪುವುದಿಲ್ಲ.
3. ಡ್ರೈವ್ ಮಾನಿಟರ್‌ನಲ್ಲಿ ಸುತ್ತಿನೊಳಗಿನ ಅಂಕಿಯನ್ನು ನೋಡುತ್ತಾ, ಮೊದಲು ಬರೆದಿಟ್ಟ ಅಂಕಿ ಬರುವ ತನಕ ಹ್ಯಾಂಡ್‌ವೀಲಿನಿಂದ ಸೂಕ್ಷ್ಮವಾಗಿ ಸರಿಸಿ. ಹಳೆಯ ಹೋಮ್ ಅಲ್ಲೇ ಇದೆ.
4. ಅಲ್ಲಿ ಸೊನ್ನೆ ಹಾಕಿ. ಫ್ಯಾನುಕ್‌ನಲ್ಲಿ 1815ನೇ ಪ್ಯಾರಾಮೀಟರಿನ ಎಪಿಝಡ್ ಬಿಟ್ ಅನ್ನು 1 ಮಾಡಿ ಪವರ್ ಆಫ್-ಆನ್ ಮಾಡುವುದು ಇದೇ ಹಂತ.
5. ಡಯಲ್ ಗೇಜ್ ಇಟ್ಟು ಗೊತ್ತಿರುವ ಮುಖವೊಂದನ್ನು ಮುಟ್ಟಿಸಿ ಪರೀಕ್ಷಿಸಿ. ಮೊದಲ ಸೈಕಲನ್ನು ಜಾಬ್ ಇಲ್ಲದೆ, ಸಿಂಗಲ್ ಬ್ಲಾಕಿನಲ್ಲಿ ಓಡಿಸಿ.

ಎಚ್ಚರ: ಮೋಟಾರ್ ಬದಲಿಸಿದ್ದರೆ, ಕಪ್ಲಿಂಗ್ ಸಡಿಲಿಸಿದ್ದರೆ, ಬೆಲ್ಟ್ ಹಲ್ಲು ಹಾರಿದ್ದರೆ ಹಳೆಯ ಕೋನದ ಅಂಕಿಗೆ ಬೆಲೆ ಇಲ್ಲ. ಆಗ ಸೆಟ್ಟಿಂಗ್ ಬ್ಲಾಕ್ ಬೇಕು. ಸ್ಥಿರ ಮುಖ ಮತ್ತು ಸ್ಲೈಡ್ ನಡುವೆ ಗೊತ್ತಿರುವ ಅಳತೆಯ ಗ್ರೈಂಡ್ ಮಾಡಿದ ಬ್ಲಾಕ್ ಇಟ್ಟು ಹೋಮ್ ಹಿಡಿಯುವ ಏರ್ಪಾಡು ಇದು. ಮಷಿನ್ ಚೆನ್ನಾಗಿರುವಾಗಲೇ ಅದನ್ನು ಮಾಡಿಸಿಡಿ. ಸ್ಲೈಡಿಗೇ ನೇರವಾಗಿ ಕೂರಿಸಿದ ಅಬ್ಸಲ್ಯೂಟ್ ಲೀನಿಯರ್ ಸ್ಕೇಲ್ ಇರುವ ಮಷಿನ್‌ಗಳಿಗೆ ಈ ತೊಂದರೆ ಇಲ್ಲ.

ಇಂಕ್ರಿಮೆಂಟಲ್ ಮಷಿನ್ ಇದ್ದವರಿಗೆ

ಎನ್‌ಕೋಡರ್ ಬದಲಿಸದೆಯೂ ಒಂದು ಅಗ್ಗದ ಉಪಾಯವಿದೆ. ಹೆಚ್ಚಿನ ಸರ್ವೋ ಡ್ರೈವ್‌ಗಳಲ್ಲಿ ಮೋಟಾರ್ ತಿರುಗಿಸುವ ಮೇನ್ ಪವರ್ ಮತ್ತು ಒಳಗಿನ ಎಲೆಕ್ಟ್ರಾನಿಕ್ಸ್ ನಡೆಸುವ ಕಂಟ್ರೋಲ್ ಪವರ್ ಬೇರೆ ಬೇರೆ. ಕಂಟ್ರೋಲ್ ಪವರ್ ಕೇಳುವ ವ್ಯಾಟ್ ಬಹಳ ಕಡಿಮೆ. ಅದನ್ನು ಮತ್ತು ಪಿಎಲ್‌ಸಿಯನ್ನು ಸಣ್ಣ ಆನ್‌ಲೈನ್ ಯುಪಿಎಸ್‌ಗೆ ಜೋಡಿಸಿದರೆ ಕರೆಂಟ್ ಹೋದಾಗ ಮೋಟಾರ್ ನಿಲ್ಲುತ್ತದೆ, ಎಣಿಕೆ ನಿಲ್ಲುವುದಿಲ್ಲ. ಜನರೇಟರ್ ಶುರುವಾದ ಮೇಲೆ ಹೋಮಿಂಗ್ ಇಲ್ಲದೆ ಮುಂದುವರಿಯಬಹುದು. ಆದರೆ ಮೇನ್ ಆಫ್ ಮಾಡಿದರೂ ಪ್ಯಾನಲಿನ ಒಳಗೆ ಯುಪಿಎಸ್ ಕರೆಂಟ್ ಇರುತ್ತದೆ ಎಂದು ಬಾಗಿಲ ಮೇಲೆ ದೊಡ್ಡದಾಗಿ ಬರೆಯಿರಿ, ಯುಪಿಎಸ್‌ಗೆ ಬೇರೆಯೇ ಸ್ವಿಚ್ ಕೊಡಿ. ಇದು ಜೀವದ ಪ್ರಶ್ನೆ.

ಒಂದೇ ಕೆಲಸದ ವಿಶೇಷ ಮಷಿನ್ (ಎಸ್‌ಪಿಎಂ) ಕಟ್ಟುವವರು, ತಮ್ಮದೇ ಕಂಟ್ರೋಲರ್ ಮಾಡುವವರು ಕೊನೆಯ ಸ್ಥಾನವನ್ನು ಮೆಮೊರಿಗೆ ಬರೆಯುವ ದಾರಿ ಹಿಡಿಯುತ್ತಾರೆ. ಇಲ್ಲಿ ಮೂರು ಲೆಕ್ಕಗಳನ್ನು ಮೊದಲೇ ಹಾಕಬೇಕು. ಒಂದು, ಬರೆಯುವ ಆಯಸ್ಸು. ಸಾಮಾನ್ಯ ಇಇಪ್ರಾಮ್ ಅನ್ನು ಒಂದು ಲಕ್ಷ ಸಲ ಬರೆಯಬಹುದು ಎಂದುಕೊಂಡರೆ, ಸೆಕೆಂಡಿಗೆ 10 ಸಲ ಒಂದೇ ಜಾಗದಲ್ಲಿ ಬರೆದಾಗ 10,000 ಸೆಕೆಂಡಿನಲ್ಲಿ, ಅಂದರೆ ಮೂರು ಗಂಟೆಗೂ ಮುನ್ನ ಅದರ ಖಾತರಿ ಮುಗಿಯುತ್ತದೆ. ಪದೇ ಪದೇ ಬರೆಯಬೇಕಾದರೆ ಎಫ್‌ರಾಮ್ ಬಳಸಿ. ಇಲ್ಲವೇ ಕರೆಂಟ್ ಹೋಗುವ ಸುಳಿವು ಸಿಕ್ಕಾಗ ಒಮ್ಮೆ ಮಾತ್ರ ಬರೆಯಿರಿ.

ಎರಡು, ಬರೆಯಲು ಸಿಗುವ ಸಮಯ. 24 ವೋಲ್ಟ್ ಸಾಲಿನಲ್ಲಿ 4700 ಮೈಕ್ರೋಫ್ಯಾರಡ್ ಕೆಪಾಸಿಟರ್ ಇದ್ದು, ಸರ್ಕ್ಯೂಟ್ 10 ವೋಲ್ಟಿನ ತನಕ ನಡೆಯುತ್ತದೆ ಎನ್ನೋಣ. ಸಿಗುವ ಶಕ್ತಿ ಸುಮಾರು 1.1 ಜೂಲ್. ಸರ್ಕ್ಯೂಟ್ 2 ವ್ಯಾಟ್ ಎಳೆದರೆ ಅರ್ಧ ಸೆಕೆಂಡಿಗೂ ಹೆಚ್ಚು ಸಮಯ. ಇಇಪ್ರಾಮ್‌ಗೆ ಒಂದು ಪುಟ ಬರೆಯಲು 5 ಮಿಲಿಸೆಕೆಂಡ್ ಸಾಕು. ಆದರೆ ಅದೇ ಸಾಲಿನಲ್ಲಿ ರಿಲೇ, ಬ್ರೇಕ್ ಕಾಯಿಲ್ ಇದ್ದರೆ ಅವು ಆ ಶಕ್ತಿಯನ್ನು ಕ್ಷಣದಲ್ಲಿ ಹೀರುತ್ತವೆ. ಡಯೋಡ್ ಹಾಕಿ ಪ್ರತ್ಯೇಕಿಸಬೇಕು.

ಮೂರು, ಬರೆದ ಮೇಲೆ ಶಾಫ್ಟ್ ತಿರುಗಿದರೆ ಆ ಅಂಕಿ ಸುಳ್ಳಾಗುತ್ತದೆ. ಮೋಟಾರ್ ಪೂರ್ತಿ ನಿಂತು ಬ್ರೇಕ್ ಹಿಡಿದ ಮೇಲಿನ ಸ್ಥಾನವೇ ಬರೆಯಬೇಕಾದದ್ದು. ಅಬ್ಸಲ್ಯೂಟ್ ಎನ್‌ಕೋಡರ್ ಇರುವ ಕಡೆಯೂ ಹೀಗೆ ಬರೆದ ಅಂಕಿ ಒಂದು ಒಳ್ಳೆಯ ಸಾಕ್ಷಿ. ಆನ್ ಆದೊಡನೆ ಎನ್‌ಕೋಡರ್ ಹೇಳುವುದನ್ನು ಅದರ ಜೊತೆ ತಾಳೆ ನೋಡಿ, ವ್ಯತ್ಯಾಸ ಮಿತಿ ಮೀರಿದರೆ ಆಟೋ ಸೈಕಲ್ ಶುರುವಾಗದಂತೆ ಪಿಎಲ್‌ಸಿಯಲ್ಲಿ ತಡೆ ಹಾಕಿ.

ಒಂದೇ ದಿಕ್ಕಿಗೆ ತಿರುಗುವ ಆಕ್ಸಿಸ್

ರೋಟರಿ ಟೇಬಲ್, ಟೂಲ್ ಮ್ಯಾಗಝಿನ್, ಕನ್ವೇಯರುಗಳಲ್ಲಿ ಬ್ಯಾಟರಿ ಚೆನ್ನಾಗಿದ್ದರೂ ಲೆಕ್ಕ ತಪ್ಪಬಹುದು. ಸುತ್ತಿನ ಕೌಂಟರಿಗೂ ಮಿತಿಯಿದೆ. 16 ಬಿಟ್ ಎಂದರೆ 65,536 ಸುತ್ತು. 3000 ಆರ್‌ಪಿಎಂನಲ್ಲಿ ಒಂದೇ ದಿಕ್ಕಿಗೆ ತಿರುಗಿದರೆ ಅಷ್ಟೂ 22 ನಿಮಿಷದೊಳಗೆ ಮುಗಿದು ಮತ್ತೆ ಮೊದಲಿನಿಂದ ಶುರುವಾಗುತ್ತದೆ.

ಟೇಬಲ್ ಒಂದು ಸುತ್ತಿಗೆ ಮೋಟಾರ್ 90 ಸುತ್ತು ತಿರುಗುತ್ತದೆ ಎನ್ನೋಣ. 65,536ನ್ನು 90ರಿಂದ ಭಾಗಿಸಿದರೆ 16 ಸುತ್ತು ಶೇಷ. ಕೌಂಟರ್ ಒಮ್ಮೆ ಮಗುಚಿದರೆ ಟೇಬಲ್ 64 ಡಿಗ್ರಿ ತಪ್ಪಾಗಿ ಕಾಣುತ್ತದೆ. ಮಷಿನ್ ಓಡುತ್ತಿರುವಾಗ ಕಂಟ್ರೋಲರ್ ತಾನೇ ಎಣಿಸುವುದರಿಂದ ಈ ತಪ್ಪು ಗೊತ್ತಾಗುವುದಿಲ್ಲ. ಕರೆಂಟ್ ಹೋಗಿ ಬಂದಾಗ ಕಾಣಿಸಿಕೊಳ್ಳುತ್ತದೆ. ಪರಿಹಾರ, ಕೌಂಟರಿನ ಮಿತಿಯನ್ನು ಗೇರ್ ಅನುಪಾತಕ್ಕೆ ಹೊಂದಿಸುವುದು. ಯಾಸ್ಕಾವಾದಲ್ಲಿ ಪಿಎನ್205 ಅನ್ನು 89 ಮಾಡಿದರೆ 0ಯಿಂದ 89ರ ತನಕ ಎಣಿಸಿ ಮತ್ತೆ 0ಗೆ ಬರುತ್ತದೆ. ಆಗ ಕೌಂಟರಿನ ಒಂದು ಆವರ್ತನ ಎಂದರೆ ಟೇಬಲಿನ ಒಂದು ಸುತ್ತು. ಬ್ಯಾಟರಿ ಬೇಡದ ಎನ್‌ಕೋಡರಿಗೂ ಈ ಎಚ್ಚರಿಕೆ ಅನ್ವಯಿಸುತ್ತದೆ.

ಮೇಲೆ-ಕೆಳಗೆ ಚಲಿಸುವ ಆಕ್ಸಿಸ್

ವಿಎಂಸಿಯ ಝಡ್ ಆಕ್ಸಿಸ್, ಲಿಫ್ಟ್, ರೋಬಾಟ್ ತೋಳುಗಳಲ್ಲಿ ಲೆಕ್ಕ ಉಳಿದರಷ್ಟೇ ಸಾಲದು, ಭಾರವೂ ನಿಲ್ಲಬೇಕು. ಮೋಟಾರಿನೊಳಗಿನ ಬ್ರೇಕ್ 24 ವೋಲ್ಟ್ ಕೊಟ್ಟಾಗ ಬಿಡುತ್ತದೆ, ಕರೆಂಟ್ ಹೋದಾಗ ಹಿಡಿಯುತ್ತದೆ. ಅದು ನಿಂತ ಭಾರವನ್ನು ಹಿಡಿದಿಡಲು ಮಾಡಿದ್ದು, ಓಡುವ ಮೋಟಾರನ್ನು ನಿಲ್ಲಿಸಲು ಅಲ್ಲ. ಎಮರ್ಜೆನ್ಸಿ ಸ್ಟಾಪ್ ಒತ್ತಿದಾಗ ಡಯಲ್ ಗೇಜ್ ಇಟ್ಟು ಸ್ಲೈಡ್ ಎಷ್ಟು ಜಾರುತ್ತದೆ ಎಂದು ನೋಡಿ ಬರೆದಿಡಿ. ಮುಂದಿನ ಪರೀಕ್ಷೆಯಲ್ಲಿ ಅದು ಹೆಚ್ಚಿದ್ದರೆ ಬ್ರೇಕ್ ಸವೆದಿದೆ ಎಂದೇ ತಿಳಿಯಿರಿ. ಇಂಥ ಆಕ್ಸಿಸ್‌ನ ಮೋಟಾರ್ ಕಳಚುವ ಮುನ್ನ ಕೆಳಗೆ ಗಟ್ಟಿಯಾದ ಆಸರೆ ಕೊಡದೆ ಯಾರೂ ಕೈ ಹಾಕಬಾರದು.

ಹೊಸ ಮಷಿನ್ ಕೊಳ್ಳುವಾಗ

ಎಲ್ಲ ಆಕ್ಸಿಸ್‌ಗೂ ದುಬಾರಿ ಎನ್‌ಕೋಡರ್ ಬೇಕಿಲ್ಲ. ಹೋಮಿಂಗ್ ಸುಲಭವಾಗಿ, ಯಾವುದಕ್ಕೂ ತಾಗದೆ ಆಗುವ ಸಣ್ಣ ಫೀಡರಿಗೆ ಇಂಕ್ರಿಮೆಂಟಲ್ ಸಾಕು. ಜಾಬಿನೊಳಗೆ ಟೂಲ್ ಇರುವಾಗಲೇ ಕರೆಂಟ್ ಹೋದರೆ ಹೋಮ್‌ಗೆ ಹೋಗಲಾಗದ ಆಕ್ಸಿಸ್, ಎರಡು ಮೋಟಾರ್ ಸೇರಿ ಎಳೆಯುವ ಗ್ಯಾಂಟ್ರಿ, ರೋಬಾಟ್, ಟೂಲ್ ಚೇಂಜರ್ ಇವಕ್ಕೆ ಅಬ್ಸಲ್ಯೂಟ್ ಬೇಕೇ ಬೇಕು. ಪದೇ ಪದೇ ತಿಂಗಳುಗಟ್ಟಲೆ ನಿಲ್ಲುವ ಮಷಿನ್, ಕೈಗೆಟುಕದ ಕಡೆ ಡ್ರೈವ್ ಇರುವ ಮಷಿನ್‌ಗೆ ಬ್ಯಾಟರಿ ಬೇಡದ ಬಗೆ ಒಳ್ಳೆಯದು. ಮಾರುವವರನ್ನು ಇವನ್ನು ಕೇಳಿ: ಬ್ಯಾಟರಿ ಇದೆಯೇ, ಎಲ್ಲಿದೆ, ಎಷ್ಟು ವೋಲ್ಟ್? ಎಷ್ಟು ವರ್ಷಕ್ಕೆ ಬದಲಿಸಬೇಕು? ಲೆಕ್ಕ ಹೋದರೆ ಹೋಮ್ ಹಿಡಿಯುವ ಕ್ರಮ ಏನು? ಉತ್ತರ ಕಾಗದದಲ್ಲಿ ಬರಲಿ. ಮಷಿನ್ ಒಪ್ಪಿಕೊಳ್ಳುವ ದಿನ ಆ ಕ್ರಮವನ್ನು ಅವರ ಕೈಯಿಂದಲೇ ಒಮ್ಮೆ ಮಾಡಿಸಿ ನೋಡಿ.

ಪ್ರತಿ ಮಷಿನ್‌ಗೂ ಒಂದು ಕಾರ್ಡ್

ಪ್ಯಾನಲ್ ಬಾಗಿಲಿನ ಒಳಗೆ ಅಂಟಿಸುವ ಕಾರ್ಡಿನಲ್ಲಿ ಇಷ್ಟು ಇರಲಿ: ಪ್ರತಿ ಆಕ್ಸಿಸ್‌ನ ಹೋಮ್‌ನಲ್ಲಿ ಸುತ್ತಿನ ಅಂಕಿ ಮತ್ತು ಸುತ್ತಿನೊಳಗಿನ ಅಂಕಿ, ಸ್ಕ್ರೂ ಪಿಚ್ ಮತ್ತು ಗೇರ್ ಅನುಪಾತ, ಗೆರೆ ಅಥವಾ ಸೆಟ್ಟಿಂಗ್ ಬ್ಲಾಕ್ ಎಲ್ಲಿದೆ ಎಂಬ ವಿವರ, ಬ್ಯಾಟರಿಯ ಬಗೆ, ಬದಲಿಸಿದ ದಿನಾಂಕ, ಮುಂದಿನ ದಿನಾಂಕ, ಪ್ಯಾರಾಮೀಟರ್ ಬ್ಯಾಕಪ್ ಇಟ್ಟ ಜಾಗ. ಮೋಟಾರ್, ಕಪ್ಲಿಂಗ್, ಬೆಲ್ಟ್ ಮುಟ್ಟಿದಾಗಲೆಲ್ಲ ಹಳೆಯ ಅಂಕಿ ಹೊಡೆದುಹಾಕಿ ಹೊಸದು ಬರೆಯಬೇಕು. ಕಾರ್ಡಿನ ಫೋಟೋ ಮಾಲೀಕರ ಮೊಬೈಲಿನಲ್ಲೂ ಇರಲಿ.

ಇದಕ್ಕೆ ಒಂದು ಮಷಿನ್‌ಗೆ ಬೇಕಾಗುವುದು ಕೆಲವೇ ನಿಮಿಷ. ಅಂಕಿ ಬರೆಯಬೇಕಾದದ್ದು ಲೆಕ್ಕ ಸರಿ ಇರುವಾಗ. ಹೋದ ಮೇಲೆ ಬರೆಯಲು ಏನೂ ಉಳಿದಿರುವುದಿಲ್ಲ. ಆದ್ದರಿಂದ ಇವತ್ತಿನ ಶಿಫ್ಟ್ ಮುಗಿಯುವ ಮುನ್ನ ಒಂದೇ ಒಂದು ಮಷಿನ್‌ನ ಕಾರ್ಡ್ ಬರೆಯಿರಿ. ನಾಳೆ ಇನ್ನೊಂದು.